‘ಎಷ್ಟು ದಿನ?’ ಎಂಬ ಪ್ರಶ್ನೆ: ಬಾಳಸಂಗಾತಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಾಗ

ಬೈಕುಲ್ಲಾದಿಂದ ಸ್ಲೋ ಲೋಕಲ್ ಹತ್ತಿದರೆ ಚಿಂಚ್‌ಪೋಕ್ಲಿ, ಕರಿ ರೋಡ್, ಆಮೇಲೆ ಪರೇಲ್. ಮೂರೇ ಸ್ಟೇಷನ್. ಪರೇಲ್‌ನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಇದೆ. ಅದಕ್ಕೇ ವಿಜಯಪುರ, ಕಲಬುರಗಿ, ಬೀದರ್ ಕಡೆಯ ನಮ್ಮವರು ಕ್ಯಾನ್ಸರ್ ಅಂತ ಗೊತ್ತಾದ ಕೂಡಲೇ ಬೈಕುಲ್ಲಾ, ಮದನಪುರಾ, ನಾಗಪಾಡಾದಲ್ಲಿ ಯಾರು ಪರಿಚಯದವರಿದ್ದಾರೆ ಅಂತ ಹುಡುಕುತ್ತಾರೆ. ನಮ್ಮ ಎರಡು ಕೋಣೆಯ ಮನೆಯಲ್ಲೂ ಹೀಗೆ ಬಂದು ಉಳಿದವರಿದ್ದಾರೆ. ಕಾಯಿಲೆ ಬೇರೆ ಬೇರೆ, ಆದರೆ ರಾತ್ರಿ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳುವ ಪ್ರಶ್ನೆ ಒಂದೇ. “ಡಾಕ್ಟರ್ ಎಂಟು-ಹತ್ತು ತಿಂಗಳು ಅಂದ್ರು. ಅಂದ್ರೆ ಏನು? ಈದ್ ತನಕ ಇರ್ತಾರಾ?” ಹೀಗೆ ಕೇಳುವುದು ಹೆಚ್ಚಾಗಿ ರೋಗಿಯಲ್ಲ, ರೋಗಿಯ ಹೆಂಡತಿ ಅಥವಾ ಗಂಡ.

ನಾನು ಡಾಕ್ಟರ್ ಅಲ್ಲ, ಟೀಚರ್. ಆದರೆ ಈ ಪ್ರಶ್ನೆಯಲ್ಲಿ ಸ್ವಲ್ಪ ವೈದ್ಯಶಾಸ್ತ್ರ, ಸ್ವಲ್ಪ ಹೈಸ್ಕೂಲ್ ಗಣಿತ, ಉಳಿದದ್ದೆಲ್ಲ ಗಂಡ-ಹೆಂಡತಿಯ ನಡುವಿನ ಮಾತು. ಆ ಮೂರನ್ನೂ ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಆ ಆಸ್ಪತ್ರೆಯ ಬಗ್ಗೆಯೇ ಒಂದು ಮಾತು, ಯಾಕೆಂದರೆ ಅದರ ಹಿಂದೆಯೂ ಹೆಂಡತಿಯನ್ನು ಕಳೆದುಕೊಂಡ ಒಬ್ಬ ಗಂಡ ಇದ್ದಾರೆ. ದೋರಾಬ್ಜಿ ಟಾಟಾ ಮದುವೆಯಾದದ್ದು ಮೆಹರಬಾಯಿಯನ್ನು. ಅವರ ತಂದೆ ಹೊರ್ಮುಸ್ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದರು. ಮೆಹರಬಾಯಿ ಬೆಳೆದದ್ದು ನಮ್ಮ ಮೈಸೂರು, ಬೆಂಗಳೂರಿನಲ್ಲಿ. ಅವರಿಗೆ ರಕ್ತದ ಕ್ಯಾನ್ಸರ್ ಬಂತು, 1931ರಲ್ಲಿ ವೇಲ್ಸ್‌ನಲ್ಲಿ ತೀರಿಕೊಂಡರು. ದೇಶದ ಅತಿ ದೊಡ್ಡ ಶ್ರೀಮಂತರ ಮನೆ, ಆದರೆ ಆ ಕಾಲದಲ್ಲಿ ಆ ಕಾಯಿಲೆಗೆ ಕೊಂಡುಕೊಳ್ಳಲು ಮದ್ದೇ ಇರಲಿಲ್ಲ. ದೋರಾಬ್ಜಿ ಹೆಂಡತಿಯ ಹೆಸರಿನಲ್ಲಿ ರಕ್ತದ ಕ್ಯಾನ್ಸರ್ ಸಂಶೋಧನೆಗೆ ಟ್ರಸ್ಟ್ ಮಾಡಿ, ಮರುವರ್ಷವೇ ತಾವೂ ಹೋದರು. ಅವರ ಹೆಸರಿನ ಟ್ರಸ್ಟು ಪರೇಲ್‌ನ ಆಸ್ಪತ್ರೆಯನ್ನು ತೆರೆದದ್ದು 1941ರ ಫೆಬ್ರವರಿ 28ರಂದು. 1962ರಲ್ಲಿ ಅದು ಅಣುಶಕ್ತಿ ಇಲಾಖೆಗೆ ಸೇರಿತು. ಆಗ ಆ ಇಲಾಖೆ ನಡೆಸುತ್ತಿದ್ದ ಹೋಮಿ ಭಾಭಾ, ಮೆಹರಬಾಯಿಯ ಸಹೋದರನ ಮನೆಯ ಹುಡುಗ.

ಇನ್ನು ಕಾಯಿಲೆಯ ವಿಷಯ. ಶ್ವಾಸಕೋಶದ ಒಳಗೆ ನೋವು ತಿಳಿಸುವ ನರಗಳು ಬಹಳ ಕಡಿಮೆ. ಗಡ್ಡೆ ಬೆಳೆದರೂ ಗೊತ್ತಾಗುವುದಿಲ್ಲ. ಕೆಮ್ಮು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವೆಲ್ಲ ಟಿಬಿಗೂ ಇರುವ ಲಕ್ಷಣಗಳು. ನಮ್ಮ ದೇಶದಲ್ಲಿ ಟಿಬಿ ಜಾಸ್ತಿ, ಹಾಗಾಗಿ ಎಷ್ಟೋ ರೋಗಿಗಳು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದ ಮೇಲೆ ಕ್ಯಾನ್ಸರ್ ಅಂತ ತಿಳಿಯುತ್ತದೆ. ಅಷ್ಟರಲ್ಲಿ ಅದು ಶ್ವಾಸಕೋಶದ ಸುತ್ತಲ ಪೊರೆಗೆ, ಮೂಳೆಗೆ, ಯಕೃತ್ತಿಗೆ, ಮೆದುಳಿಗೆ ಹೋಗಿರುತ್ತದೆ. ಇದೇ ನಾಲ್ಕನೇ ಹಂತ. ಈ ಹಂತದಲ್ಲಿ ಸಾಮಾನ್ಯವಾಗಿ ಆಪರೇಷನ್ ಮಾಡಿ ತೆಗೆದುಹಾಕಲು ಆಗುವುದಿಲ್ಲ. ಚಿಕಿತ್ಸೆ ಇದೆ, ಆದರೆ ಅದರ ಗುರಿ ಹೆಚ್ಚಾಗಿ ಕಾಯಿಲೆಯನ್ನು ಅದುಮಿ ಇಡುವುದು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ನೋಡಲು ಬಂದವರು ಮೊದಲು ಕೇಳುವುದು “ಬೀಡಿ ಸೇದ್ತಿದ್ರಾ?” ಅಂತ. ಬೀಡಿ, ಸಿಗರೇಟು ಈ ಕಾಯಿಲೆಗೆ ದೊಡ್ಡ ಕಾರಣ, ನಿಜ. ಆದರೆ ಜೀವಮಾನದಲ್ಲಿ ಒಂದೂ ಸೇದದವರಿಗೂ, ಅದರಲ್ಲೂ ಹೆಂಗಸರಿಗೆ, ಇದು ಬರುತ್ತದೆ. ಸೇದಿದವರಿಗೇ ಬಂದಿದ್ದರೂ ಹಾಸಿಗೆಯ ಪಕ್ಕ ಕೂತು ಆ ಲೆಕ್ಕ ಕೇಳುವುದರಿಂದ ಯಾರಿಗೆ ಏನು ಸಿಗುತ್ತದೆ?

ಈಗ ಆ ಎಂಟು-ಹತ್ತು ತಿಂಗಳ ಲೆಕ್ಕ. ನಾವು ಮಕ್ಕಳಿಗೆ ಸರಾಸರಿ, ಮಧ್ಯಾಂಕ, ಬಹುಲಕ ಅಂತ ಕಲಿಸುತ್ತೇವಲ್ಲ, ಡಾಕ್ಟರ್ ಹೇಳುವ ತಿಂಗಳು ಸಾಮಾನ್ಯವಾಗಿ ಮಧ್ಯಾಂಕ. ಕಲ್ಪನೆಗೆ 11 ಮಂದಿ ರೋಗಿಗಳನ್ನು ತೆಗೆದುಕೊಳ್ಳಿ. ಅವರು ಬದುಕಿದ ತಿಂಗಳುಗಳನ್ನು ಸಾಲಾಗಿ ಬರೆಯೋಣ: 2, 3, 5, 7, 9, 11, 14, 20, 31, 48, 70. ನಡುವಿನವರು ಆರನೆಯವರು, ಅವರದು 11 ತಿಂಗಳು. ಡಾಕ್ಟರ್ ಬಾಯಲ್ಲಿ ಬರುವುದು ಆ 11. ಆದರೆ ಸಾಲಿನಲ್ಲಿ ಸರಿಯಾಗಿ 11 ತಿಂಗಳು ಬದುಕಿದವರು ಒಬ್ಬರೇ. ಐದು ಜನ ಅದಕ್ಕಿಂತ ಮೊದಲು ಹೋದರು, ಐದು ಜನ ಅದನ್ನು ದಾಟಿದರು. ಇನ್ನೊಂದು ನೋಡಿ: ಎಡಗಡೆ ಸಾಲು ಸೊನ್ನೆಗಿಂತ ಕೆಳಗೆ ಹೋಗಲಾರದು, ಬಲಗಡೆ ಮಾತ್ರ ಉದ್ದಕ್ಕೆ ಚಾಚಿದೆ. ಹಾಗಾಗಿಯೇ ಇದೇ 11 ಜನರ ಸರಾಸರಿ ತೆಗೆದರೆ 20 ತಿಂಗಳು ಬರುತ್ತದೆ.

ಇದನ್ನು ಜಗತ್ತಿಗೆ ತಿಳಿಯುವ ಹಾಗೆ ಹೇಳಿದವರು ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್. 1982ರಲ್ಲಿ ಅವರಿಗೆ ಹೊಟ್ಟೆಯ ಮೀಸೋಥೀಲಿಯೋಮಾ ಎಂಬ ಅಪರೂಪದ ಕ್ಯಾನ್ಸರ್ ಬಂತು. ಪುಸ್ತಕ ತೆರೆದರೆ ಮಧ್ಯಾಂಕ 8 ತಿಂಗಳು ಎಂದಿತ್ತು. ಅವರು ಹೆದರಿ ಕೂರದೆ, ನಾನು ಆ ಸಾಲಿನ ಬಲಗಡೆ ಇರಲು ಏನೇನು ಕಾರಣಗಳಿವೆ ಅಂತ ಯೋಚಿಸಿದರು. ಆಮೇಲೆ 20 ವರ್ಷ ಬದುಕಿ, 2002ರಲ್ಲಿ ಬೇರೆಯೇ ಕ್ಯಾನ್ಸರ್‌ನಿಂದ ತೀರಿಕೊಂಡರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಇದರ ಅರ್ಥ ಅಲ್ಲ. ಸಾಲಿನ ಎಡಗಡೆಯೂ ಜನ ಇದ್ದಾರೆ. ಡಾಕ್ಟರ್ ಹೇಳಿದ ಸಂಖ್ಯೆ ತಾರೀಖು ಅಲ್ಲ ಅನ್ನುವುದಷ್ಟೇ ಇಲ್ಲಿಯ ವಿಷಯ.

ಇವತ್ತು ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಆ ಸಾಲು ಮೊದಲಿಗಿಂತ ಹೆಚ್ಚು ಉದ್ದವಾಗಿದೆ, ಅನಿಶ್ಚಿತತೆಯೂ ಹೆಚ್ಚಾಗಿದೆ. ಕಾರಣ ಜೀನ್ ಪರೀಕ್ಷೆ. ಬಯಾಪ್ಸಿಯ ತುಣುಕಿನಲ್ಲಿ ಇಜಿಎಫ್‌ಆರ್, ಎಎಲ್‌ಕೆ ಮುಂತಾದ ಬದಲಾವಣೆಗಳನ್ನು ಹುಡುಕುತ್ತಾರೆ. ಇಜಿಎಫ್‌ಆರ್ ಬದಲಾವಣೆ ನಮ್ಮ ದೇಶದಲ್ಲಿ ಅಡಿನೊಕಾರ್ಸಿನೋಮಾ ಎಂಬ ಬಗೆಯವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸಿಗುತ್ತದೆ. ಸಿಕ್ಕರೆ ಗೆಫಿಟಿನಿಬ್‌ನಂಥ ಮಾತ್ರೆ ಮನೆಯಲ್ಲೇ ನುಂಗಬಹುದು. ಟಾಟಾ ಆಸ್ಪತ್ರೆಯ ವೈದ್ಯರೇ ಇಂಥ 350 ರೋಗಿಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಗೆಫಿಟಿನಿಬ್ ತೆಗೆದುಕೊಂಡವರಲ್ಲಿ ಕಾಯಿಲೆ ಮತ್ತೆ ಬೆಳೆಯಲು ಹಿಡಿದ ಮಧ್ಯಾಂಕ 8 ತಿಂಗಳು. ಜೊತೆಗೆ ಕೀಮೋ ಕೊಟ್ಟವರಲ್ಲಿ 16 ತಿಂಗಳು. ಅಡ್ಡಪರಿಣಾಮವೂ ಅವರಲ್ಲೇ ಜಾಸ್ತಿ. ಎಎಲ್‌ಕೆ ಇರುವವರಿಗೆ ಲೊರ್ಲಾಟಿನಿಬ್ ಎಂಬ ಮಾತ್ರೆ ಕೊಟ್ಟ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ 5 ವರ್ಷದ ಮೇಲೂ ಶೇ. 60ರಷ್ಟು ಜನರಲ್ಲಿ ಕಾಯಿಲೆ ಮುಂದುವರಿದಿರಲಿಲ್ಲ. ಈ ಮಾತ್ರೆ ಬಹಳ ದುಬಾರಿ, ಅದು ಬೇರೆ ಸಂಕಟ. ಯಾವ ಬದಲಾವಣೆಯೂ ಸಿಗದಿದ್ದರೆ ಕೀಮೋ, ಇಮ್ಯುನೊಥೆರಪಿಯ ದಾರಿ. ಒಂದೇ “ನಾಲ್ಕನೇ ಹಂತ” ಅನ್ನುವ ಮಾತಿನ ಕೆಳಗೆ ಇಷ್ಟು ಬೇರೆ ಬೇರೆ ಕತೆಗಳಿವೆ. ಹಾಗಾಗಿ ಜೀನ್ ರಿಪೋರ್ಟ್ ಬರುವ ಮೊದಲೇ ಯಾರಾದರೂ ತಿಂಗಳು ಎಣಿಸಿ ಹೇಳಿದರೆ ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಹೆದರಿಸುವವರ ಮಾತನ್ನೂ ಅಷ್ಟೇ.

ಡಾಕ್ಟರ್ ಹತ್ತಿರ ಕೇಳುವ ರೀತಿಯನ್ನೂ ಸ್ವಲ್ಪ ಬದಲಾಯಿಸಿಕೊಳ್ಳಬಹುದು. “ಎಷ್ಟು ದಿನ?” ಅಂದರೆ ಅವರು ಒಂದೋ ಸಂಖ್ಯೆ ಹೇಳುತ್ತಾರೆ, ಇಲ್ಲವೇ “ಎಲ್ಲ ಮೇಲಿನವನ ಕೈಯಲ್ಲಿ” ಅಂದುಬಿಡುತ್ತಾರೆ. ಎರಡರಿಂದಲೂ ಮನೆಗೆ ಉಪಯೋಗ ಇಲ್ಲ. ಬದಲಿಗೆ “ಡಾಕ್ಟರ್ ಸಾಹೇಬ್ರೇ, ಲೆಕ್ಕ ವಾರಗಳಲ್ಲೋ, ತಿಂಗಳುಗಳಲ್ಲೋ, ವರ್ಷಗಳಲ್ಲೋ? ಚೆನ್ನಾಗಿ ನಡೆದರೆ ಹೇಗೆ, ಕೆಟ್ಟದಾಗಿ ನಡೆದರೆ ಹೇಗೆ? ಮುಂದಿನ ಸ್ಕ್ಯಾನ್‌ನಲ್ಲಿ ಏನು ಕಂಡರೆ ಚಿಕಿತ್ಸೆ ಬದಲಾಯಿಸ್ತೀರಿ?” ಅಂತ ಕೇಳಿ. ಇದಕ್ಕೆ ಪ್ರಾಮಾಣಿಕವಾದ ಉತ್ತರ ಕೊಡಲು ಅವರಿಗೂ ಸುಲಭ. ಒಪಿಡಿಯಲ್ಲಿ ಸಿಗುವುದು ಕೆಲವೇ ನಿಮಿಷ, ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ. ಉರ್ದುವಿನಲ್ಲೋ ಕನ್ನಡದಲ್ಲೋ, ಯಾವುದರಲ್ಲಿ ಕೈ ಓಡುತ್ತದೋ ಅದರಲ್ಲಿ.

ಆದರೆ ನಾನು ಕಂಡ ಹಾಗೆ ಸಂಖ್ಯೆಗಿಂತ ಹೆಚ್ಚು ಕಷ್ಟ ಕೊಡುವುದು ಮೌನ. ನಮ್ಮಲ್ಲಿ ಮೊದಲು ಹೊರಡುವ ಮಾತು “ಅವರಿಗೆ ಹೇಳಬೇಡಿ, ಧೈರ್ಯ ಕುಂದುತ್ತೆ.” ಅಣ್ಣ-ತಮ್ಮಂದಿರು, ಮಾಮೂ, ಚಾಚಾ ಎಲ್ಲರೂ ಸೇರಿ ರಿಪೋರ್ಟನ್ನು ಹೆಂಡತಿಯ ಕೈಗೆ ಕೊಟ್ಟು ರೋಗಿಯಿಂದ ಮುಚ್ಚಿಡುತ್ತಾರೆ. ಆ ದಿನದಿಂದ ಆಕೆಗೆ ಎರಡು ಕೆಲಸ: ಸೇವೆ ಮಾಡುವುದು, ನಟನೆ ಮಾಡುವುದು. ಯೋಚಿಸಿ ನೋಡಿ, ಬೆಸ್ಟ್ ಬಸ್ಸಿನಲ್ಲಿ ಕಂಡಕ್ಟರ್ “ಟಾಟಾ ಹಾಸ್ಪಿಟಲ್” ಅಂತ ಕೂಗುವ ಸ್ಟಾಪಿನಲ್ಲಿ ಇಳಿದು, ಕೀಮೋ ವಾರ್ಡಿನ ಸಾಲಿನಲ್ಲಿ ಕೂತ ಮನುಷ್ಯನಿಗೆ ತನಗೇನಾಗಿದೆ ಅಂತ ಗೊತ್ತಾಗದೇ ಇರುತ್ತದೆಯೇ? ಅವರಿಗೂ ಗೊತ್ತು. ಆಕೆ ಅಳಬಾರದು ಅಂತ ಅವರು ಗೊತ್ತಿಲ್ಲದವರ ಹಾಗೆ ಇರುತ್ತಾರೆ, ಅವರು ಕುಗ್ಗಬಾರದು ಅಂತ ಆಕೆ ನಗುತ್ತಾರೆ. ಇಪ್ಪತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡವರು ಕೊನೆಗೆ ಬೇರೆ ಬೇರೆ ಗೋಡೆ ನೋಡಿಕೊಂಡು ಮಲಗುತ್ತಾರೆ.

ಎಲ್ಲವನ್ನೂ ಒಂದೇ ಸಲ ಸುರಿಯಬೇಕು ಅಂತ ನಾನು ಹೇಳುತ್ತಿಲ್ಲ. ಕೆಲವರಿಗೆ ಪೂರ್ತಿ ತಿಳಿಯುವುದು ಬೇಡ ಅನಿಸುತ್ತದೆ, ಅದೂ ಅವರ ಹಕ್ಕು. ಆದರೆ ಬೇಡ ಅಂತ ಹೇಳಬೇಕಾದವರು ರೋಗಿ, ಸುತ್ತ ನಿಂತ ನೆಂಟರಲ್ಲ. ಶುರು ಮಾಡಲು ಒಂದು ಪ್ರಶ್ನೆ ಸಾಕು. “ತುಮ್ನಾ ಕ್ಯಾ ಲಗ್ತಾ ಜೀ? ನಿಮಗೆ ಏನು ಅನಿಸ್ತಿದೆ?” ಅಂತ ಕೇಳಿ, ಸುಮ್ಮನೆ ಕೂತುಕೊಳ್ಳಿ. ಆಗ ಹೆಚ್ಚಾಗಿ ಬರುವುದು ಸಾವಿನ ಮಾತಲ್ಲ. ಮಗಳ ಫೀಸು, ಅರ್ಧ ಕಟ್ಟಿದ ಗೋಡೆ, ತಮ್ಮನ ಜೊತೆ ಬಿಟ್ಟ ಮಾತು, ಊರಿಗೆ ಒಮ್ಮೆ ಹೋಗಿ ಬರುವ ಆಸೆ, ಇಂಥವು. ಇವುಗಳಲ್ಲಿ ಅರ್ಧದಷ್ಟಕ್ಕೆ ಪರಿಹಾರ ಇರುತ್ತದೆ. ಮುಚ್ಚಿಟ್ಟರೆ ಆ ಅವಕಾಶವೂ ಹೋಗುತ್ತದೆ.

ಪಾಲ್ ಕಲಾನಿಧಿ ಎಂಬ ಭಾರತೀಯ ಮೂಲದ ನರಶಸ್ತ್ರವೈದ್ಯರ ಹೆಸರು ಕೆಲವರಿಗೆ ಗೊತ್ತಿರಬಹುದು. ಅಮೆರಿಕದಲ್ಲಿದ್ದವರು, ಬೀಡಿ-ಸಿಗರೇಟಿನ ಚಟ ಇಲ್ಲದವರು. 2013ರಲ್ಲಿ, 36ರ ಹರೆಯದಲ್ಲಿ, ನಾಲ್ಕನೇ ಹಂತದ ಶ್ವಾಸಕೋಶದ ಕ್ಯಾನ್ಸರ್ ಅಂತ ತಿಳಿಯಿತು. ಇಜಿಎಫ್‌ಆರ್ ಬದಲಾವಣೆ ಇದ್ದದ್ದರಿಂದ ಮಾತ್ರೆ ಸಿಕ್ಕಿತು, ಕೆಲಸಕ್ಕೂ ಮರಳಿದರು. ಸ್ವತಃ ವೈದ್ಯರಾದ ಅವರು ಬದುಕುಳಿಯುವ ಅಂಕಿಅಂಶ ಕೇಳಿದಾಗ ಅವರ ಕ್ಯಾನ್ಸರ್ ಡಾಕ್ಟರ್ ಸಂಖ್ಯೆ ಹೇಳಲು ಒಪ್ಪಲಿಲ್ಲ. ನಿಮಗೆ ಯಾವುದು ಮುಖ್ಯ ಅನ್ನುವ ಕಡೆಗೇ ಮಾತು ತಿರುಗಿಸಿದರು. ಪಾಲ್ ಮತ್ತು ಹೆಂಡತಿ ಲೂಸಿ ಕೂತು ಮಾತಾಡಿ, ಎಷ್ಟು ದಿನ ಅಂತ ಗೊತ್ತಿಲ್ಲದೆಯೇ ಮಗು ಬೇಕು ಅಂತ ತೀರ್ಮಾನಿಸಿದರು. 2014ರಲ್ಲಿ ಮಗಳು ಹುಟ್ಟಿದಳು. 2015ರ ಮಾರ್ಚ್‌ನಲ್ಲಿ ಪಾಲ್ ಹೋದರು. ಅವರ ಪುಸ್ತಕದ ಕೊನೆಯ ಭಾಗ ಬರೆದು ಮುಗಿಸಿದವರು ಲೂಸಿ. ಅವರ ತೀರ್ಮಾನ ನಮ್ಮದಾಗಬೇಕಿಲ್ಲ. ಆದರೆ ಇಬ್ಬರಿಗೂ ಒಂದೇ ಸುದ್ದಿ ಗೊತ್ತಿದ್ದದ್ದರಿಂದಲೇ ಅಂಥ ತೀರ್ಮಾನ ಸಾಧ್ಯವಾಯಿತು.

ಪ್ಯಾಲಿಯೇಟಿವ್ ಕೇರ್ ಅಂದರೆ ನೋವು, ಉಸಿರಾಟದ ಕಷ್ಟ, ನಿದ್ದೆ, ಮನಸ್ಸಿನ ಭಾರ ಇವನ್ನು ನೋಡಿಕೊಳ್ಳುವ ವಿಭಾಗ. ನಮ್ಮವರು ಇದನ್ನು “ಡಾಕ್ಟರ್ ಕೈಬಿಟ್ರು” ಅಂತ ಅರ್ಥ ಮಾಡಿಕೊಳ್ಳುತ್ತಾರೆ. 2010ರಲ್ಲಿ ಬಾಸ್ಟನ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ 151 ರೋಗಿಗಳ ಅಧ್ಯಯನ ಪ್ರಕಟವಾಯಿತು. ಅರ್ಧ ಜನರಿಗೆ ಮಾಮೂಲು ಚಿಕಿತ್ಸೆ, ಇನ್ನರ್ಧ ಜನರಿಗೆ ಅದರ ಜೊತೆ ಶುರುವಿನಿಂದಲೇ ಪ್ಯಾಲಿಯೇಟಿವ್ ಕೇರ್. ಎರಡನೇ ಗುಂಪಿನವರಲ್ಲಿ ಖಿನ್ನತೆ ಕಡಿಮೆ ಇತ್ತು, ಕೊನೆಯ ದಿನಗಳಲ್ಲಿ ಕಠಿಣ ಚಿಕಿತ್ಸೆಗಳೂ ಕಡಿಮೆ, ಆದರೂ ಅವರ ಮಧ್ಯಾಂಕ 11.6 ತಿಂಗಳು, ಮೊದಲ ಗುಂಪಿನದು 8.9. ಹಾಗಾಗಿ ಕೊನೆಗೆ ಅಂತ ಕಾಯದೆ, ಮೊದಲ ತಿಂಗಳಲ್ಲೇ ಆ ವಿಭಾಗಕ್ಕೆ ಚೀಟಿ ಬರೆಸಿಕೊಳ್ಳಿ. ಟಾಟಾದಲ್ಲೂ ಬೆಂಗಳೂರಿನ ಕಿದ್ವಾಯಿಯಲ್ಲೂ ಆ ವಿಭಾಗ ಇದೆ. ಮನೆಯಲ್ಲಿ ನೋಡಿಕೊಳ್ಳಲು ಆಗದೇ ಹೋದರೆ ಬಾಂದ್ರಾದಲ್ಲಿ 1986ರಿಂದ ಶಾಂತಿ ಅವೇದನಾ ಸದನ, ಬೆಂಗಳೂರಿನಲ್ಲಿ ಕರುಣಾಶ್ರಯ ಇವೆ. ಎರಡೂ ಹಣ ಕೇಳುವುದಿಲ್ಲ.

ಮಾರ್ಫಿನ್ ಬಗ್ಗೆ ಹೆದರಿಕೆ ಎಲ್ಲ ಮನೆಯಲ್ಲೂ ಇದೆ, ಅದು ನಶೆ ಅಂತ, ಕೊಟ್ಟರೆ ಬೇಗ ಹೋಗ್ತಾರೆ ಅಂತ. ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಅದು ನೋವನ್ನೂ ಉಸಿರಾಟದ ಸಂಕಟವನ್ನೂ ತಗ್ಗಿಸುವ ಔಷಧಿ, ಅಷ್ಟೇ. ಮಲಬದ್ಧತೆ ಮಾತ್ರ ಗ್ಯಾರಂಟಿ, ಅದಕ್ಕೆ ಮೊದಲ ದಿನದಿಂದಲೇ ಸಿರಪ್ ಕೇಳಿ ತೆಗೆದುಕೊಳ್ಳಿ. ಉಸಿರು ಕಟ್ಟಿದ ಹಾಗಾದರೆ ದಿಂಬು ಒರಗಿಸಿ ಕೂರಿಸಿ, ಕಿಟಕಿ ತೆರೆದು, ಚಿಕ್ಕ ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಸುವ ಹಾಗೆ ಹಿಡಿಯಿರಿ. ಚಾಳ್‌ನ ಕೋಣೆಯಲ್ಲಿ ನೋಡಲು ಬಂದ ಹತ್ತು ಜನ ಹಾಸಿಗೆಯ ಸುತ್ತ ನಿಂತಿದ್ದರೆ ಮೊದಲು ಅವರನ್ನು ಹೊರಗೆ ಕಳುಹಿಸಿ. ರೋಗಿಯನ್ನು ನೋಡಿ ಬರುವುದು ಸವಾಬಿನ ಕೆಲಸ, ಐದು ನಿಮಿಷದಲ್ಲಿ ಮುಗಿಸಿದರೆ ಸವಾಬ್ ಕಡಿಮೆಯಾಗುವುದಿಲ್ಲ. ಇನ್ನು ಕೀಮೋ ನಡೆಯುವಾಗ ಜ್ವರ, ಕೆಮ್ಮಿದಾಗ ಹೆಚ್ಚು ರಕ್ತ, ಇದ್ದಕ್ಕಿದ್ದಂತೆ ಕಾಲಿನ ಶಕ್ತಿ ಹೋಗುವುದು, ಮುಖ-ಕುತ್ತಿಗೆ ಊದುವುದು, ಮಾತು ತೊದಲುವುದು, ಇವು ಬೆಳಗಿನ ತನಕ ಕಾಯುವ ವಿಷಯಗಳಲ್ಲ. ಆ ಗಳಿಗೆಯೇ ಆಸ್ಪತ್ರೆಗೆ ಹೊರಡಬೇಕು.

ದುಆ ಮತ್ತು ದವಾ ಎರಡೂ ಒಟ್ಟಿಗೆ ನಡೆಯುವವು. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಲು ಪ್ರವಾದಿ(ಸ)ಯವರು ಕಲಿಸಿದ್ದು ನಮಗೆಲ್ಲ ಗೊತ್ತು. ಝಂಝಂ ಕುಡಿಸಿ, ಯಾಸೀನ್ ಓದಿ, ಆದರೆ ಯಾರೋ ಕೊಟ್ಟ ಪುಡಿ, ಕಷಾಯವನ್ನು ಡಾಕ್ಟರಿಗೆ ಹೇಳದೆ ಕೊಡಬೇಡಿ; ಕೀಮೋ ಜೊತೆ ಯಕೃತ್ತಿಗೆ ಪೆಟ್ಟಾಗಬಹುದು. ರಂಝಾನ್ ಬಂದರೆ ರೋಗಿಗೆ ಉಪವಾಸದಿಂದ ವಿನಾಯಿತಿ ಇದೆ. ಗುಣವಾಗುವ ನಿರೀಕ್ಷೆ ಇಲ್ಲದವರು ಫಿದ್ಯಾ ಕೊಡುತ್ತಾರೆ. ನಲವತ್ತು ವರ್ಷ ಒಂದು ರೋಝಾ ಬಿಡದವರಿಗೆ ಇದನ್ನು ಒಪ್ಪಿಸುವುದು ಹೆಂಡತಿಯಿಂದ ಆಗುವ ಕೆಲಸ ಅಲ್ಲ. ಮೌಲಾನಾ ಸಾಹೇಬರನ್ನೇ ಮನೆಗೆ ಕರೆದು ಹೇಳಿಸಿ.

ಕಾಗದಪತ್ರಗಳ ಬಗ್ಗೆ ಚಿಕ್ಕದಾಗಿ. ನಮ್ಮ ಕಾನೂನಿನಲ್ಲಿ ವಸಿಯತ್ತು ಆಸ್ತಿಯ ಮೂರನೇ ಒಂದು ಭಾಗದವರೆಗೆ ಮಾತ್ರ. ಹೆಚ್ಚಿಗೆ ಬೇಕಾದರೆ ವಾರಸುದಾರರ ಒಪ್ಪಿಗೆ ಬೇಕು. ಕೊಡದೇ ಉಳಿದ ಮೆಹರ್ ಗಂಡನ ಮೇಲಿನ ಸಾಲ, ಪಾಲು ಹಂಚುವ ಮೊದಲು ತೀರಬೇಕಾದದ್ದು. ಅವರು ಮಾತಾಡುವ ಸ್ಥಿತಿಯಲ್ಲಿರುವಾಗಲೇ ಬರೆದಿಡಿಸಿ. ವೆಂಟಿಲೇಟರ್ ಬೇಕೇ ಬೇಡವೇ ಅನ್ನುವುದನ್ನು ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಕೊಟ್ಟಿದೆ. 2023ರಿಂದ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ಊರಿಂದ ಚಿಕಿತ್ಸೆಗೆ ಬರುವವರಿಗೆ ರೈಲ್ವೆ ರಿಯಾಯಿತಿಯೂ ಇದೆ: ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗಿರುವ ಒಬ್ಬರಿಗೆ ಶೇ. 75. ಆಸ್ಪತ್ರೆಯಿಂದ ಫಾರಂ ತುಂಬಿಸಿಕೊಳ್ಳಬೇಕು.

ಮಕ್ಕಳ ವಿಷಯದಲ್ಲಿ ಮಾತ್ರ ನಾನು ಟೀಚರ್ ಆಗಿ ಸ್ವಲ್ಪ ಗಟ್ಟಿಯಾಗಿ ಹೇಳಬಲ್ಲೆ. ಮನೆಯಲ್ಲಿ ಏನೋ ಮುಚ್ಚಿಡುತ್ತಿದ್ದಾರೆ ಅಂತ ಮಗುವಿಗೆ ಗೊತ್ತಾದರೆ ಅದು ತರಗತಿಯಲ್ಲಿ ಕಾಣುತ್ತದೆ. ಲೆಕ್ಕ ತಪ್ಪುತ್ತದೆ, ಟಿಫಿನ್ ಡಬ್ಬಿ ತೆರೆಯದೆ ವಾಪಸ್ ಹೋಗುತ್ತದೆ, ಕೆಲವರು ಜಗಳಕ್ಕೆ ನಿಲ್ಲುತ್ತಾರೆ. ಚಿಕ್ಕ ಮಕ್ಕಳು ತಾವು ಹಟ ಮಾಡಿದ್ದಕ್ಕೇ ಅಬ್ಬಾಗೆ ಹುಷಾರಿಲ್ಲ ಅಂದುಕೊಳ್ಳುವುದೂ ಉಂಟು. ಅವರಿಗೆ ಮೂರು ಮಾತು ಸಾಕು. ಕಾಯಿಲೆಯ ಹೆಸರು ಹೇಳಿ. ಇದು ನಿನ್ನಿಂದ ಬಂದದ್ದಲ್ಲ, ಅಬ್ಬಾನ ಪಕ್ಕ ಕೂತರೆ ನಿನಗೆ ಅಂಟುವುದೂ ಇಲ್ಲ ಅನ್ನಿ. ನಿನ್ನನ್ನು ಶಾಲೆಗೆ ಕಳಿಸುವವರು, ಊಟ ಕೊಡುವವರು ಯಾರು ಅಂತ ತಿಳಿಸಿ. “ಅಬ್ಬಾ ಹುಷಾರಾಗ್ತಾರಾ?” ಅಂತ ಕೇಳಿದರೆ “ಗೊತ್ತಿಲ್ಲ ಬೇಟಾ, ಡಾಕ್ಟರಿಗೂ ಗೊತ್ತಿಲ್ಲ. ಇವತ್ತು ಮಾತ್ರೆ ತಗೊಂಡಿದಾರೆ, ಸಂಜೆ ನಿನ್ನ ಜೊತೆ ಕೂತ್ಕೋತಾರೆ” ಅನ್ನಬಹುದು. ಕ್ಲಾಸ್ ಟೀಚರಿಗೂ ಒಂದು ಮಾತು ಹೇಳಿ ಕಳಿಸಿ, ಫೀಸು ಮತ್ತು ಹಾಜರಾತಿಯ ವಿಷಯದಲ್ಲಿ ಶಾಲೆ ಹೊಂದಿಸಿಕೊಳ್ಳಲು ಆಗುತ್ತದೆ.